ತಜ್ಞರ ಚೀಟಿಯ ಜಾಡು ಹಿಡಿದು

ಆಂಧ್ರದ ಗಡಿಸೀಮೆಯ ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆ ಆಸ್ಪತ್ರೆಯ ಮೇಲೆ ದೂರು ಕೊಡಬೇಕೆಂದು ವಕೀಲರ ಮನೆ ಮೆಟ್ಟಿಲು ಹತ್ತಿದವರಿಗೆ ಮೊದಲು ಎದುರಾಗುವ ಪ್ರಶ್ನೆ: ‘ಎಕ್ಸ್‌ಪರ್ಟ್ ಒಪೀನಿಯನ್ ತಂದಿದ್ದೀರಾ?’ ಕೇಳುವವರು ಕೆಟ್ಟವರೇನಲ್ಲ. ಅದಿಲ್ಲದೆ ಕೇಸು ನಿಲ್ಲುವುದಿಲ್ಲ ಎಂಬುದು ಅವರು ಕಂಡುಂಡ ಅನುಭವ. ಆದರೆ ಪ್ರಶ್ನೆ ಕೇಳಿಸಿಕೊಂಡವನ ಪಾಡು ನೋಡಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೈಚೀಲದಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ. ಚಿಕಿತ್ಸೆ ಆದದ್ದು ಅನಂತಪುರದಲ್ಲೋ ಬೆಂಗಳೂರಿನಲ್ಲೋ. ಒಬ್ಬ ಡಾಕ್ಟರು ತಪ್ಪು ಮಾಡಿದರು ಎಂದು ಇನ್ನೊಬ್ಬ ಡಾಕ್ಟರ ಕೈಯಲ್ಲಿ ಬರೆಸಿ, ಸಹಿ ಹಾಕಿಸಿ, ಬೇಕೆಂದಾಗ ಪಾಟೀಸವಾಲಿಗೂ ಒಪ್ಪಿಸಬೇಕು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಸಾಲ ಹುಟ್ಟಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಈ ಷರತ್ತನ್ನು ಬರೆದಿಟ್ಟಿರುವುದಾದರೂ ಎಲ್ಲಿ? ಯಾವ ಕಾಯ್ದೆಯ ಯಾವ ಕಲಮಿನಲ್ಲಿ, ಯಾವ ತೀರ್ಪಿನ ಯಾವ ಪುಟದಲ್ಲಿ? ಅದನ್ನು ಹುಡುಕಿಕೊಂಡು ದಾಖಲೆಗಳ ಬೆನ್ನು ಹತ್ತಿದೆ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರ ಜನವರಿಯಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲೇ ಓದಬಹುದು. ಹಿಂದೆ ಇದೇ ಕೆಲಸಕ್ಕೆ ದಪ್ಪ ರಟ್ಟಿನ ವರದಿ ಸಂಪುಟಗಳಿರುವ ವಕೀಲರ ಗ್ರಂಥಾಲಯದ ಬಾಗಿಲು ತಟ್ಟಬೇಕಿತ್ತು.

ಮೊದಲು ಕಾಯ್ದೆಗಳು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಮೊದಲಿನಿಂದ ಕೊನೆಯತನಕ ಓದಿದರೂ ವೈದ್ಯಕೀಯ ದೂರಿನ ಜೊತೆ ತಜ್ಞರ ಅಭಿಪ್ರಾಯ ಲಗತ್ತಿಸಲೇಬೇಕು ಎಂಬ ಸಾಲು ಸಿಗುವುದಿಲ್ಲ. ಅದರ ಜಾಗಕ್ಕೆ ಬಂದು 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆಯಲ್ಲೂ ಇಲ್ಲ. ಸರಕಿನಲ್ಲಿ ದೋಷವಿದೆ ಎಂದಾದರೆ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಎರಡರಲ್ಲೂ ಇದೆ, ಅಷ್ಟೇ. ಸಾಕ್ಷ್ಯ ಕಾಯ್ದೆಗೆ ಬಂದೆ. 1872ರ ಆ ಕಾಯ್ದೆಯ 45ನೇ ಕಲಮು, ವಿಜ್ಞಾನದಂಥ ವಿಷಯದಲ್ಲಿ ನ್ಯಾಯಾಲಯ ಒಂದು ತೀರ್ಮಾನಕ್ಕೆ ಬರಬೇಕಾದಾಗ ಅದರಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯ ಪ್ರಸ್ತುತ ಎನ್ನುತ್ತದೆ. ಅಂದರೆ ಅದನ್ನು ಕೇಳಬಹುದು. ಕೇಳದೆ ತೀರ್ಮಾನಿಸಕೂಡದು ಎಂದೇನೂ ಹೇಳುವುದಿಲ್ಲ. ಆರು ಕಲಮು ದಾಟಿದರೆ 51 ಬರುತ್ತದೆ: ಅಭಿಪ್ರಾಯ ಪ್ರಸ್ತುತವಾದಾಗ, ಆ ಅಭಿಪ್ರಾಯಕ್ಕೆ ಬರಲು ಏನು ಕಾರಣ ಎಂಬುದೂ ಪ್ರಸ್ತುತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವೆರಡೂ 39 ಮತ್ತು 45ನೇ ಕಲಮುಗಳಾಗಿ ಹೆಚ್ಚು ಕಡಿಮೆ ಹಾಗೇ ಮುಂದುವರಿದಿವೆ. ಮೊದಲನೆಯದನ್ನು ಎಲ್ಲ ವಕೀಲರೂ ಬಾಯಿಪಾಠ ಹೇಳುತ್ತಾರೆ. ಎರಡನೆಯದರ ತಂಟೆಗೆ ಹೋಗುವವರು ಕಡಿಮೆ. ಅದರ ಬೆಲೆ ಏನೆಂದು ಮುಂದೆ ಗೊತ್ತಾಗುತ್ತದೆ.

ಕಾಯ್ದೆಯಲ್ಲಿ ಇಲ್ಲದ್ದು ತೀರ್ಪಿನಲ್ಲಿರಬೇಕು. ಹುಡುಕಿದಾಗ ಬೇಗನೆ ಕೈಗೆ ಸಿಕ್ಕಿದ್ದು 2009ರ ಫೆಬ್ರುವರಿ 17ರ ‘ಮಾರ್ಟಿನ್ ಎಫ್. ಡಿಸೋಜಾ ವಿರುದ್ಧ ಮೊಹಮ್ಮದ್ ಇಶ್ಫಾಕ್’. ಮುಂಬೈನ ನಾನಾವತಿ ಆಸ್ಪತ್ರೆಯಲ್ಲಿ 1991ರಲ್ಲಿ, ಎರಡೂ ಮೂತ್ರಪಿಂಡ ಕೆಟ್ಟು ಕಸಿಗಾಗಿ ಕಾಯುತ್ತಿದ್ದ ರೋಗಿಗೆ ಸೋಂಕು ಹತ್ತಿತ್ತು. ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ರೋಗಿಯ ಕಿವಿ ಹೋಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ದೆಹಲಿಯ ಏಮ್ಸ್‌ನಿಂದ ತಜ್ಞರ ವರದಿ ತರಿಸಿಕೊಂಡಿತು. ಜೀವ ಉಳಿಸಲು ಕೊಟ್ಟ ಔಷಧ, ಕೊಟ್ಟದ್ದು ಸರಿಯೇ ಎಂದು ವರದಿ ಹೇಳಿತು. ಆದರೂ ಆಯೋಗ ಡಾಕ್ಟರ ವಿರುದ್ಧವೇ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಟ್ಜು ಮತ್ತು ಆರ್.ಎಂ. ಲೋಧಾ ಅದನ್ನು ರದ್ದು ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಒಂದು ಪ್ರಕರಣದ ಕಥೆಯಾಗಿ ಉಳಿಯುತ್ತಿತ್ತು. ಅವರು ಮುಂದುವರಿದು, ಡಾಕ್ಟರು ಅಥವಾ ಆಸ್ಪತ್ರೆಯ ಮೇಲೆ ದೂರು ಬಂದರೆ ಗ್ರಾಹಕ ವೇದಿಕೆಯಾಗಲಿ ಕ್ರಿಮಿನಲ್ ನ್ಯಾಯಾಲಯವಾಗಲಿ ನೋಟಿಸು ಕಳಿಸುವ ಮೊದಲೇ ಅದನ್ನು ಆ ವಿಭಾಗದ ಸಮರ್ಥ ವೈದ್ಯರಿಗೋ ಸಮಿತಿಗೋ ಒಪ್ಪಿಸಬೇಕು, ಮೇಲ್ನೋಟಕ್ಕೆ ನಿರ್ಲಕ್ಷ್ಯ ಇದೆ ಎಂದು ಅವರು ಹೇಳಿದ ಮೇಲಷ್ಟೇ ನೋಟಿಸು ಹೋಗಬೇಕು ಎಂದು ದೇಶಕ್ಕೆಲ್ಲ ಅಪ್ಪಣೆ ಕೊಡಿಸಿದರು.

ಇಲ್ಲೇ ಹುಡುಕಾಟ ಮುಗಿಯಿತು ಅನ್ನಿಸಬೇಕು. ಆದರೆ ಈ ಅಪ್ಪಣೆ ತನಗೆ ಆಸರೆಯಾಗಿ ಹಿಡಿದದ್ದು ನಾಲ್ಕು ವರ್ಷ ಹಿಂದಿನ ಇನ್ನೊಂದು ತೀರ್ಪನ್ನು: 2005ರ ಆಗಸ್ಟ್ 5ರ ‘ಜೇಕಬ್ ಮ್ಯಾಥ್ಯೂ ವಿರುದ್ಧ ಪಂಜಾಬ್ ರಾಜ್ಯ’. ಅದನ್ನು ಓದಿದಾಗ ಚಿತ್ರ ಬದಲಾಗುತ್ತದೆ.

1995ರ ಫೆಬ್ರುವರಿಯಲ್ಲಿ ಲೂಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಉಸಿರಿಗೆ ಪರದಾಡುತ್ತಿದ್ದ ರೋಗಿಗೆ ಆಮ್ಲಜನಕದ ಸಿಲಿಂಡರ್ ತಂದು ಜೋಡಿಸಿದರೆ ಅದು ಖಾಲಿ. ಮಗ ಪಕ್ಕದ ಕೋಣೆಗೆ ಓಡಿ ಇನ್ನೊಂದನ್ನು ತಂದ. ಅದನ್ನು ಚಾಲೂ ಮಾಡುವ ಹೊತ್ತಿಗೆ ರೋಗಿ ಹೋಗಿಬಿಟ್ಟಿದ್ದರು. ಡಾಕ್ಟರುಗಳ ಮೇಲೆ ದಂಡ ಸಂಹಿತೆಯ 304-ಎ ಕಲಮಿನಡಿ ಕೇಸಾಯಿತು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಮೂವರ ಪೀಠ ಕ್ರಿಮಿನಲ್ ಕೇಸನ್ನು ರದ್ದು ಮಾಡಿತು. ಖಾಸಗಿ ದೂರಿದ್ದರೆ ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯ ಬೇಕು. ತನಿಖಾಧಿಕಾರಿ ಆರೋಪ ಹೊರಿಸುವ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು, ಸಾಧ್ಯವಾದರೆ ಅದೇ ವಿಭಾಗದ ಸರ್ಕಾರಿ ವೈದ್ಯರಿಂದ. ಸುಮ್ಮನೆ ದಸ್ತಗಿರಿ ಮಾಡಬಾರದು ಎಂದಿತು. ಇವೆಲ್ಲ ಜೈಲಿನ ಭಯ ಇರುವ ಕೇಸುಗಳಿಗೆ ಹಾಕಿದ ಬೇಲಿ. ಸಿಲಿಂಡರ್ ಖಾಲಿ ಇದ್ದುದಕ್ಕೆ ಆಸ್ಪತ್ರೆ ಸಿವಿಲ್ ಕಾನೂನಿನಡಿ ಹೊಣೆಯಾಗಬಹುದು ಎಂಬ ಸಾಧ್ಯತೆಯನ್ನು ಅದೇ ತೀರ್ಪು ತೆರೆದಿಟ್ಟಿದೆ. ಅಂದರೆ ಪೊಲೀಸ್ ಠಾಣೆಯ ಬಾಗಿಲಿಗೆ ಮಾಡಿಸಿದ ಬೀಗವನ್ನು 2009ರಲ್ಲಿ ಗ್ರಾಹಕ ವೇದಿಕೆಯ ಬಾಗಿಲಿಗೂ ಜಡಿದರು.

ಆ ಬೀಗ ತೆಗೆಸಿದ್ದು ಆಗಿನ್ನೂ ಒಡೆಯದಿದ್ದ ನಮ್ಮ ಆಂಧ್ರಪ್ರದೇಶದ ಒಂದು ಕೇಸು. ಕಲ್ಯಾಣದುರ್ಗದಲ್ಲಿ ಕೂತು ಹುಡುಕುವವನಿಗೆ ಇದಕ್ಕಿಂತ ಹತ್ತಿರದ್ದು ಬೇಡ.

‘ವಿ. ಕಿಶನ್ ರಾವ್ ವಿರುದ್ಧ ನಿಖಿಲ್ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ.’ ದೂರುದಾರರು ಮಲೇರಿಯಾ ಇಲಾಖೆಯ ಅಧಿಕಾರಿ. 2002ರ ಜುಲೈ 20ರಂದು ಹೆಂಡತಿಯನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದರು. ಬಿಟ್ಟು ಬಿಟ್ಟು ಬರುವ ಜ್ವರ, ಚಳಿ. ಇಪ್ಪತ್ತೆರಡನೇ ತಾರೀಖು ಸಲೈನ್ ಬಾಟಲಿಯಲ್ಲಿ ಏನೋ ಕಣಗಳು ತೇಲುವುದು ಕಂಡಿತೆಂದು ಗಂಡ ಹೇಳಿದರು. ಮರುದಿನ ಉಸಿರಾಟದ ತೊಂದರೆ, ಆಮ್ಲಜನಕ. ಇಪ್ಪತ್ನಾಲ್ಕಕ್ಕೆ ಯಶೋದಾ ಆಸ್ಪತ್ರೆಗೆ ಸಾಗಿಸುವಾಗ ಆಕೆಯ ಸ್ಥಿತಿ ಕೈಮೀರಿತ್ತು. ಆ ಎರಡನೇ ಆಸ್ಪತ್ರೆಯವರು ರಕ್ತದ ಲೇಪ ನೋಡಿ ಬರೆದ ಟಿಪ್ಪಣಿ ತೀರ್ಪಿನಲ್ಲಿ ಹಾಗೇ ಅಚ್ಚಾಗಿದೆ: ಮಲೇರಿಯಾ ಪರಾವಲಂಬಿ ಪಾಸಿಟಿವ್, ಫಾಲ್ಸಿಪಾರಂ ಜಾತಿಯ ಉಂಗುರ ರೂಪಗಳು ಮತ್ತು ಗ್ಯಾಮೆಟೋಸೈಟುಗಳು ಕಂಡಿವೆ. ಹೆಮೋಗ್ಲೋಬಿನ್ 5.8. ಆಕೆ ಬದುಕಲಿಲ್ಲ.

ಮೊದಲ ಆಸ್ಪತ್ರೆಯಲ್ಲಿ ನಡೆದದ್ದು ಟೈಫಾಯಿಡಿನ ಚಿಕಿತ್ಸೆ. ಆಸ್ಪತ್ರೆಯ ಕಡೆಯ ವೈದ್ಯರೇ ಸಾಕ್ಷಿ ನುಡಿಯುತ್ತ, ತಾವು ಈ ಕೇಸನ್ನು ಮಲೇರಿಯಾ ಎಂದು ನೋಡಿಕೊಳ್ಳಲಿಲ್ಲ ಎಂದು ಒಪ್ಪಿದರು. ಜಿಲ್ಲಾ ವೇದಿಕೆಗೆ ಅಷ್ಟು ಸಾಕಾಯಿತು. ಒಂದು ಆಸ್ಪತ್ರೆಯ ಕಾಗದ ಮಲೇರಿಯಾ ಎನ್ನುತ್ತದೆ, ಇನ್ನೊಂದು ಆಸ್ಪತ್ರೆಯ ಬಾಯಿ ಮಲೇರಿಯಾಕ್ಕೆ ಔಷಧ ನಡೆಸಲಿಲ್ಲ ಎನ್ನುತ್ತದೆ. ನಡುವೆ ಬೇರೆ ತಜ್ಞ ಬಂದು ಹೇಳಬೇಕಾದ್ದು ಏನಿದೆ? ಎರಡು ಲಕ್ಷ ರೂಪಾಯಿ ಪರಿಹಾರ, ಜೊತೆಗೆ 10,000 ರೂಪಾಯಿ ವಾಪಸು ಎಂದು ಆದೇಶವಾಯಿತು. ಆಸ್ಪತ್ರೆ ಮೇಲ್ಮನವಿ ಹೋಯಿತು. 2008ರಲ್ಲಿ ರಾಜ್ಯ ಆಯೋಗ ಆ ಆದೇಶವನ್ನು ತಿರುಗಿಸಿತು. ದೂರುದಾರ ತಜ್ಞರ ಅಭಿಪ್ರಾಯ ಹಾಜರುಪಡಿಸಿಲ್ಲ ಎಂಬುದು ಕಾರಣ. ರಾಷ್ಟ್ರೀಯ ಆಯೋಗ 2009ರ ಫೆಬ್ರುವರಿಯಲ್ಲಿ ನಾಲ್ಕಾರು ಸಾಲಿನಲ್ಲಿ ಅದಕ್ಕೆ ಹೂಂಗುಟ್ಟಿತು.

2010ರ ಮಾರ್ಚ್ 8ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾ. ಜಿ.ಎಸ್. ಸಿಂಘ್ವಿ ಮತ್ತು ನ್ಯಾ. ಎ.ಕೆ. ಗಂಗೂಲಿ ಜಿಲ್ಲಾ ವೇದಿಕೆಯ ಆದೇಶವನ್ನೇ ಎತ್ತಿಹಿಡಿದರು. ತೀರ್ಪು ಬರೆದವರು ಗಂಗೂಲಿ. ಡಿಸೋಜಾ ತೀರ್ಪಿನ ಅಪ್ಪಣೆ, ಮೂವರು ನ್ಯಾಯಮೂರ್ತಿಗಳ ಹಿಂದಿನ ತೀರ್ಪುಗಳಿಗೆ ವಿರುದ್ಧವಾಗಿರುವುದರಿಂದ ಅದು ಕಟ್ಟಿಹಾಕುವ ಕಾನೂನಲ್ಲ ಎಂದರು. ಪ್ರತಿಯೊಂದು ದೂರನ್ನೂ ತಜ್ಞರಿಗೆ ಒಪ್ಪಿಸಬೇಕೆಂಬ ಯಾಂತ್ರಿಕ ಪದ್ಧತಿ ಬಂದರೆ ಗ್ರಾಹಕ ಕಾಯ್ದೆ ಕೊಟ್ಟ ಪರಿಹಾರ ಬರಿಯ ಭ್ರಮೆಯಾಗುತ್ತದೆ. ತಜ್ಞ ಬೇಕಾದಷ್ಟು ಜಟಿಲ ಕೇಸು ಹೌದೋ ಅಲ್ಲವೋ ಎಂದು ಆಯಾ ವೇದಿಕೆಯೇ ಆಯಾ ಸಂಗತಿ ನೋಡಿ ತೀರ್ಮಾನಿಸಬೇಕು ಎಂಬುದು ತೀರ್ಪಿನ ತಿರುಳು. 2009ರ ಅಪ್ಪಣೆ ಹಾಗೆ ಒಂದು ವರ್ಷ ಹತ್ತೊಂಬತ್ತು ದಿನ ಬದುಕಿತ್ತು.

ಇಲ್ಲೊಂದು ಪಕ್ಕದ ಮಾತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದೇ ಅವಳಿ ನಗರದಲ್ಲಿ ನೂರೈದು ವರ್ಷದ ಮೇಲೆ, ಮಲೇರಿಯಾ ಇಲಾಖೆಯವರ ಮನೆಯಲ್ಲೇ, ಈ ಸಾವು. ಆ ಗಂಡನಿಗೆ ತಜ್ಞರ ಚೀಟಿ ಇಲ್ಲ ಎಂದು ಹೇಳಿದವರು ಒಂದು ಕ್ಷಣ ಅವರ ಹುದ್ದೆಯನ್ನು ಓದಿಕೊಳ್ಳಬಹುದಿತ್ತು.

ಈಗ ನನ್ನ ಪ್ರಶ್ನೆಗೆ ಮರಳುತ್ತೇನೆ. ರಾಜ್ಯ ಆಯೋಗ ತಜ್ಞರ ಅಭಿಪ್ರಾಯ ಇಲ್ಲವೆಂದು ಕೇಸು ಬೀಳಿಸಿದ್ದು 2008ರಲ್ಲಿ. ಡಿಸೋಜಾ ತೀರ್ಪು ಬಂದದ್ದು 2009ರಲ್ಲಿ. ಅಂದಮೇಲೆ ಈ ರೂಢಿ ಡಿಸೋಜಾ ತೀರ್ಪಿನಲ್ಲಿ ಹುಟ್ಟಿದ್ದಲ್ಲ, ಅದಕ್ಕಿಂತ ಹಳೆಯದು. ಆ ತೀರ್ಪು ಸತ್ತ ಮೇಲೂ ರೂಢಿ ಉಳಿದದ್ದು ಅದಕ್ಕೇ ಇರಬೇಕು. ಇನ್ನಷ್ಟು ಹಿಂದಕ್ಕೆ ಹೋಗಬೇಕಾಯಿತು.

2002ರ ‘ಡಾ. ಜೆ.ಜೆ. ಮರ್ಚೆಂಟ್ ವಿರುದ್ಧ ಶ್ರೀನಾಥ ಚತುರ್ವೇದಿ’ಯಲ್ಲಿ ಡಾಕ್ಟರ ಕಡೆಯವರ ವಾದ ಹೀಗಿತ್ತು: ಇದು ಜಟಿಲ ವಿಷಯ, ತಜ್ಞರ ಸಾಕ್ಷ್ಯ ಬೇಕು, ಆದ್ದರಿಂದ ಸಿವಿಲ್ ಕೋರ್ಟಿಗೆ ಕಳಿಸಿ. ಮೂವರ ಪೀಠ ಒಪ್ಪಲಿಲ್ಲ. ತಜ್ಞರ ಹೇಳಿಕೆಯನ್ನು ಪ್ರಮಾಣಪತ್ರದಲ್ಲೇ ತೆಗೆದುಕೊಳ್ಳಬಹುದು. ಪಾಟೀಸವಾಲು ಬೇಕೆಂದರೆ ವಿಡಿಯೊ ಕಾನ್ಫರೆನ್ಸ್‌ನಲ್ಲೋ ಫೋನಿನಲ್ಲೋ ನಡೆಸಬಹುದು, ಮೊದಲ ಖರ್ಚು ಕೇಳಿದವರದು. ಇಲ್ಲವೇ ಕಮಿಷನರನ್ನು ತಜ್ಞರಿದ್ದಲ್ಲಿಗೇ ಕಳಿಸಬಹುದು ಎಂದಿತು. ಬೆಂಗಳೂರಿನ ಸರ್ಜನ್ ಅನಂತಪುರದ ತನಕ ಬಂದು ಇಡೀ ದಿನ ಬೆಂಚಿನ ಮೇಲೆ ಕೂರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಇಪ್ಪತ್ತು ವರ್ಷ ದಾಟಿದೆ. ಅದಕ್ಕೂ ಹಿಂದೆ, 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಸಿದ್ಧ ತೀರ್ಪು. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ಒಳಗೆ ಬಂದದ್ದು ಅದರಿಂದ. ಹಣವನ್ನು ವಿಮಾ ಕಂಪನಿಯೋ ಮಾಲೀಕನೋ ಕಟ್ಟಿದ್ದರೂ ಅಷ್ಟೇ. ಎಲ್ಲರಿಗೂ ಪೂರಾ ಉಚಿತವಾಗಿರುವ ಆಸ್ಪತ್ರೆ ಮಾತ್ರ ಹೊರಗೆ. ಪರಿಣತರ ಸಾಕ್ಷ್ಯವಿಲ್ಲದೆ ಯಾರಿಗಾದರೂ ಅರ್ಥವಾಗುವ ತಪ್ಪುಗಳು ಯಾವುವು ಎಂದು ಆ ತೀರ್ಪು ಉದಾಹರಣೆ ಕೊಡುತ್ತದೆ: ಎಡಗಾಲಿನ ಬದಲು ಬಲಗಾಲು ಕತ್ತರಿಸಿದ್ದು, ಬೇರೆ ಯಾರಿಗೋ ಮಾಡಬೇಕಾದ ಆಪರೇಷನ್ ಇನ್ಯಾರಿಗೋ ಮಾಡಿದ್ದು, ಒಗ್ಗದ ಔಷಧ ಎಂದು ಚೀಟಿಯಲ್ಲೇ ಬರೆದಿದ್ದರೂ ಅದನ್ನೇ ಚುಚ್ಚಿದ್ದು, ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದದ್ದು.

ಹಳ್ಳಿಗಾಡಿಗೆ ಬೇಕಾದ ಇನ್ನೊಂದು ಉದಾಹರಣೆ 1996ರ ‘ಪೂನಂ ವರ್ಮಾ ವಿರುದ್ಧ ಅಶ್ವಿನ್ ಪಟೇಲ್’. ಅಲ್ಲೂ ಜ್ವರ, ಅಲ್ಲೂ ಟೈಫಾಯಿಡಿನ ಊಹೆ. ಹೋಮಿಯೋಪಥಿ ಕಲಿತವರು ಅಲೋಪಥಿ ಔಷಧ ಕೊಟ್ಟಿದ್ದರು. ಕಲಿಯದ ಪದ್ಧತಿಯಲ್ಲಿ ಕೈಹಾಕಿದ್ದೇ ನಿರ್ಲಕ್ಷ್ಯ ಎಂದಿತು ಸುಪ್ರೀಂ ಕೋರ್ಟು. ಮೂರು ಲಕ್ಷ ಪರಿಹಾರ. ಊರೂರಲ್ಲಿ ‘ಆರ್‌ಎಂಪಿ ಡಾಕ್ಟರು’ ಗ್ಲೂಕೋಸ್ ಏರಿಸುವ ನಮ್ಮ ಸೀಮೆಯಲ್ಲಿ ಈ ತೀರ್ಪನ್ನು ಯಾಕೆ ಯಾರೂ ನೆನೆಯುವುದಿಲ್ಲವೋ!

ಹಾಗಾದರೆ ತಜ್ಞರಿಗೆ ಇಷ್ಟೊಂದು ತೂಕ ಕೊಟ್ಟದ್ದು ಯಾರು? ಎಲ್ಲ ತೀರ್ಪುಗಳೂ ಬೆರಳು ತೋರಿಸುವುದು ಇಂಗ್ಲೆಂಡಿನತ್ತ, 1957ರ ಬೋಲಂ ಪ್ರಕರಣದತ್ತ. ಖಿನ್ನತೆಯ ರೋಗಿಗೆ ಮಿದುಳಿನ ವಿದ್ಯುತ್ ಚಿಕಿತ್ಸೆ ಕೊಡುವಾಗ ಸ್ನಾಯು ಸಡಿಲಿಸುವ ಔಷಧ ಕೊಟ್ಟಿರಲಿಲ್ಲ, ಹಿಡಿದುಕೊಂಡೂ ಇರಲಿಲ್ಲ. ಸೊಂಟದ ಮೂಳೆ ಮುರಿಯಿತು. ಔಷಧ ಕೊಡಬೇಕು ಎನ್ನುವ ವೈದ್ಯರೂ ಇದ್ದರು, ಬೇಡ ಎನ್ನುವವರೂ ಇದ್ದರು. ಬಲ್ಲ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪಿದ ರೀತಿಯಲ್ಲಿ ನಡೆದುಕೊಂಡ ಡಾಕ್ಟರು ನಿರ್ಲಕ್ಷ್ಯ ಮಾಡಿದಂತಲ್ಲ ಎಂದು ನ್ಯಾಯಮೂರ್ತಿ ಮ್ಯಾಕ್‌ನೇರ್ ಜ್ಯೂರಿಗೆ ತಿಳಿಹೇಳಿದರು. ಆಸ್ಪತ್ರೆ ಗೆದ್ದಿತು. ಈ ಅಳತೆಗೋಲು ಹಿಡಿದ ಮೇಲೆ, ವೈದ್ಯರ ಗುಂಪು ಏನನ್ನುತ್ತದೆ ಎಂದು ಹೇಳಲು ವೈದ್ಯರೇ ಬೇಕು ತಾನೆ? ರೂಢಿಯ ಬೇರು ಇರುವುದು ಇಲ್ಲಿ. ಇಂಗ್ಲೆಂಡಿನವರು 1997ರ ಬೋಲಿಥೋ ತೀರ್ಪಿನಲ್ಲಿ, ಗುಂಪಿನ ಅಭಿಪ್ರಾಯ ತರ್ಕಕ್ಕೆ ನಿಲ್ಲಬೇಕು ಎಂದು ಅದನ್ನು ಕೊಂಚ ಬಿಗಿಗೊಳಿಸಿದರು. ನಮ್ಮಲ್ಲಿ ಜೇಕಬ್ ಮ್ಯಾಥ್ಯೂ ತೀರ್ಪು ಬೋಲಂ ಅಳತೆಯನ್ನು ಒಪ್ಪಿಕೊಂಡಿತು. ಅದನ್ನು ಮರುಪರಿಶೀಲಿಸುವ ಕಾಲ ಬಂದಿದೆ ಎಂಬ ಸೂಚನೆ ಕಿಶನ್ ರಾವ್ ತೀರ್ಪಿನಲ್ಲಿದೆ.

ಅದಕ್ಕೂ ಹಿಂದಿನದೊಂದು ದಾಖಲೆ 1767ರದು, ‘ಸ್ಲೇಟರ್ ವಿರುದ್ಧ ಬೇಕರ್ ಮತ್ತು ಸ್ಟೇಪಲ್ಟನ್’. ಬೇಕರ್ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಹೆಸರಾಂತ ಸರ್ಜನ್. ಮುರಿದು ಕೂಡುತ್ತಿದ್ದ ಕಾಲಿನ ಕಟ್ಟು ಬಿಚ್ಚಲು ಬಂದ ರೋಗಿಯ ಮೂಳೆಯನ್ನು ಮತ್ತೆ ಮುರಿದು, ಹಲ್ಲುಗಳಿದ್ದ ಉಕ್ಕಿನ ಯಂತ್ರವೊಂದನ್ನು ತೊಡಿಸಿಬಿಟ್ಟರು. ಅಲ್ಲಿ ಸಾಕ್ಷಿ ಹೇಳಿದ್ದು ಬೇರೆ ಸರ್ಜನ್‌ಗಳೇ. ಕೂಡಿಕೊಂಡ ಮೂಳೆಯನ್ನು ಬಿಡಿಸಬಾರದಿತ್ತು, ರೋಗಿಯನ್ನು ಕೇಳದೆ ಮಾಡುವ ವಾಡಿಕೆ ಇಲ್ಲ ಎಂದು ತಮ್ಮ ಕಸುಬಿನ ದೊಡ್ಡ ಹೆಸರಿನ ಎದುರು ನುಡಿದರು. ಜ್ಯೂರಿ 500 ಪೌಂಡ್ ಕೊಡಿಸಿತು. ತಜ್ಞ ಸಾಕ್ಷ್ಯ ರೋಗಿಯ ಕೈಗೆ ಸಿಕ್ಕ ಆಯುಧವಾಗಿ ಈ ಕೇಸಿನಲ್ಲಿ ಕಾಣುತ್ತದೆ. ಎರಡೂವರೆ ಶತಮಾನದಲ್ಲಿ ಅದು ರೋಗಿಯ ದಾರಿಗೆ ಅಡ್ಡ ಇಟ್ಟ ಮುಳ್ಳುಕಂಟಿಯಾದದ್ದು ಹೇಗೆ?

ಉತ್ತರ ಕಾನೂನಿಗಿಂತ ಹೆಚ್ಚಾಗಿ, ಕೇಸು ಹಾಕಿದವರು ಯಾರು ಎಂಬುದರಲ್ಲಿದೆ ಅನ್ನಿಸತೊಡಗಿದ್ದು ತೀರ್ಪುಗಳ ಮೊದಲ ಪುಟಗಳನ್ನು ಒಟ್ಟಿಗೆ ಹರಡಿಕೊಂಡಾಗ. ಕಿಶನ್ ರಾವ್ ಪ್ರಕರಣದಲ್ಲಿ ದೂರುದಾರರು ಮಲೇರಿಯಾ ಅಧಿಕಾರಿ. 1968ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಲಕ್ಷ್ಮಣ ಬಾಲಕೃಷ್ಣ ಜೋಶಿ ಪ್ರಕರಣದ್ದು ಇನ್ನೂ ಹಳೆಯ ಕಥೆ. 1953ರ ಮೇ ತಿಂಗಳಲ್ಲಿ ರತ್ನಾಗಿರಿ ಕಡಲತೀರದಲ್ಲಿ ತೊಡೆಮೂಳೆ ಮುರಿದುಕೊಂಡ ಇಪ್ಪತ್ತರ ಹುಡುಗನನ್ನು ಟ್ಯಾಕ್ಸಿಯಲ್ಲಿ ಪುಣೆಗೆ ತಂದರು. ಅರಿವಳಿಕೆ ಕೊಡದೆ, ಜನರಿಂದ ಹಿಡಿಸಿ, ಬಲವಾಗಿ ಎಳೆದು ಮೂಳೆ ಕೂಡಿಸಿದರು ಎಂಬುದು ಆರೋಪ. ಹುಡುಗ ಅದೇ ರಾತ್ರಿ ತೀರಿಕೊಂಡ. ಅವನ ತಂದೆ ಗೋಡಬೋಲೆ ಸ್ವತಃ ಡಾಕ್ಟರು. ಹದಿನೈದು ವರ್ಷ ಹೋರಾಡಿ ಗೆದ್ದರು. ಸಿಕ್ಕ ಪರಿಹಾರ 3,000 ರೂಪಾಯಿ. ಕೊಲ್ಕತ್ತದಲ್ಲಿ ಚಿಕಿತ್ಸೆ ಪಡೆದ ಅನುರಾಧಾ ಸಾಹಾ 1998ರಲ್ಲಿ ತೀರಿಕೊಂಡರು. ಗಂಡ ಕುನಾಲ್ ಸಾಹಾ ಅಮೆರಿಕದಲ್ಲಿದ್ದ ವೈದ್ಯ. ವಿದೇಶದ ತಜ್ಞರ ಅಭಿಪ್ರಾಯಗಳನ್ನೂ ದಾಖಲೆಗೆ ತಂದರು. 2013ರಲ್ಲಿ ಸುಮಾರು 6 ಕೋಟಿ ರೂಪಾಯಿಯ ಆದೇಶವಾಯಿತು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಪ್ರಕರಣದಲ್ಲಿ, 1990ರಲ್ಲಿ ಎದೆಯೊಳಗಿನ ಗೆಡ್ಡೆಯ ಚಿಕಿತ್ಸೆಗೆಂದು ಹೋದ ಎಂಜಿನಿಯರಿಂಗ್ ವಿದ್ಯಾರ್ಥಿಯ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ನರಶಸ್ತ್ರಜ್ಞರಿಲ್ಲದೆ ಆಪರೇಷನ್ ಮಾಡಿದ್ದು, ಗೆಡ್ಡೆ ತೆಗೆಯಲು ಒಪ್ಪಿಗೆ ಪಡೆಯದೇ ಇದ್ದುದು ಅಲ್ಲಿನ ಮುಖ್ಯ ತಪ್ಪು. ಆ ಹುಡುಗ ಮುಂದೆ ಐ.ಟಿ. ಎಂಜಿನಿಯರ್ ಆಗಿ, ಗಾಲಿಕುರ್ಚಿಯಲ್ಲಿ ಬಂದು ಸುಪ್ರೀಂ ಕೋರ್ಟಿನಲ್ಲಿ ತನ್ನ ವಾದವನ್ನು ತಾನೇ ಮಂಡಿಸಿದ. 2009ರ ಮೇ 14ರಂದು ಒಂದು ಕೋಟಿ ರೂಪಾಯಿ ಪರಿಹಾರ. ರೋಗಿ ತನ್ನ ಪಾಲಿನ ಮೊದಲ ಪುರಾವೆ ಕೊಟ್ಟ ಮೇಲೆ ತಪ್ಪು ಮಾಡಿಲ್ಲ ಎಂದು ತೋರಿಸುವ ಹೊಣೆ ಆಸ್ಪತ್ರೆಗೆ ದಾಟುತ್ತದೆ ಎಂಬ ಮಾತನ್ನೂ ಆ ತೀರ್ಪು ಒತ್ತಿ ಹೇಳಿತು.

ಗೆದ್ದ ಈ ದೊಡ್ಡ ಕೇಸುಗಳಲ್ಲೆಲ್ಲ ತಜ್ಞ ಮನೆಯೊಳಗೇ ಇದ್ದ, ಅಥವಾ ತಜ್ಞರ ಭಾಷೆ ಓದಬಲ್ಲವರು ಮನೆಯಲ್ಲಿದ್ದರು. ಕುಂದುರ್ಪಿಯ ಕಡೆಯ ಒಬ್ಬ ಕೂಲಿಯ ಹೆಸರು ಈ ಮೊದಲ ಪುಟಗಳಲ್ಲಿ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಡಾಕ್ಟರ ಕಡೆಯಿಂದಲೂ ನೋಡಬೇಕು. ಕಲ್ಯಾಣದುರ್ಗದಂಥ ಊರಿನಲ್ಲಿ ರಾತ್ರಿ ಹೊತ್ತು ಒಬ್ಬರೇ ಇರುವ ವೈದ್ಯರನ್ನು ಬೆಂಗಳೂರಿನ ಐದುನೂರು ಹಾಸಿಗೆಯ ಆಸ್ಪತ್ರೆಯ ತಜ್ಞರ ಅಳತೆಯಲ್ಲಿ ಅಳೆಯುವುದು ನ್ಯಾಯವೆ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1880ರ ‘ಸ್ಮಾಲ್ ವಿರುದ್ಧ ಹೋವರ್ಡ್’ ತೀರ್ಪು ಸಣ್ಣ ಊರಿನ ಡಾಕ್ಟರಿಗೆ ಅಂಥದ್ದೇ ಊರುಗಳ ಡಾಕ್ಟರ ಅಳತೆ ಸಾಕು ಎಂದಿತ್ತು. ಕೇಳಲು ನ್ಯಾಯವೇ. ಆಮೇಲೆ ಆದದ್ದೇನೆಂದರೆ, ರೋಗಿಗೆ ಸಾಕ್ಷಿ ಬೇಕಾದರೆ ಅದೇ ಊರಿನ, ದಿನಾ ಮುಖ ನೋಡುವ ಇನ್ನೊಬ್ಬ ಡಾಕ್ಟರನ್ನೇ ಹಿಡಿಯಬೇಕಾಯಿತು. ಅವರು ಬಾಯಿಬಿಡಲಿಲ್ಲ. 1968ರ ‘ಬ್ರೂನ್ ವಿರುದ್ಧ ಬೆಲಿಂಕಾಫ್’ನಲ್ಲಿ ಅದೇ ರಾಜ್ಯದ ನ್ಯಾಯಾಲಯ ಆ ನಿಯಮವನ್ನು ಕೈಬಿಟ್ಟಿತು. ನ್ಯೂ ಬೆಡ್‌ಫರ್ಡ್ ಊರಿನ ವಾಡಿಕೆಯಂತೆ ಬೆನ್ನುಹುರಿಗೆ 8 ಮಿಲಿಗ್ರಾಂ ಅರಿವಳಿಕೆ ಚುಚ್ಚಿದ್ದರು. ಬಾಸ್ಟನ್ನಿನಲ್ಲಿ 5 ಅಥವಾ ಕಡಿಮೆ. ಬಾಸ್ಟನ್ ಅಲ್ಲಿಂದ ಐವತ್ತು ಮೈಲಿ. ಊರಿನ ವಾಡಿಕೆ ಎಂಬ ನೆಪ ಇನ್ನು ಸಾಲದು, ಆದರೆ ಕೈಯಲ್ಲಿದ್ದ ಸೌಕರ್ಯವನ್ನು ಗಣನೆಗೆ ತೆಗೆದುಕೊಳ್ಳಬಹುದು ಎಂಬುದು ಆ ನ್ಯಾಯಾಲಯ ಕಂಡುಕೊಂಡ ದಾರಿ. ಕಲ್ಯಾಣದುರ್ಗಕ್ಕೂ ಅದೇ ಸರಿಹೋಗುತ್ತದೆ ಎಂದು ನನ್ನ ಅನಿಸಿಕೆ. ಯಂತ್ರ ಇಲ್ಲದ್ದು ತಪ್ಪಲ್ಲ. ಇಲ್ಲ ಎಂದು ಹೇಳಿ ಹೊತ್ತಿಗೆ ಸರಿಯಾಗಿ ಅನಂತಪುರಕ್ಕೆ ಕಳಿಸದಿರುವುದು ತಪ್ಪು.

ತಜ್ಞರ ಅಭಿಪ್ರಾಯ ಸಿಕ್ಕಿತು ಅಂದುಕೊಳ್ಳೋಣ. ಅದರ ಬೆಲೆ ಎಷ್ಟು? ಮೊದಲು ಹೇಳಿದ 51ನೇ ಕಲಮು ಕೆಲಸಕ್ಕೆ ಬರುವುದು ಇಲ್ಲಿ. 2009ರ ‘ರಮೇಶ್ ಚಂದ್ರ ಅಗರವಾಲ್ ವಿರುದ್ಧ ರೀಜೆನ್ಸಿ ಆಸ್ಪತ್ರೆ’ ತೀರ್ಪನ್ನು ಬರೆದವರು ಕನ್ನಡಿಗ ನ್ಯಾಯಮೂರ್ತಿ ಎಚ್.ಎಲ್. ದತ್ತು. ತಜ್ಞ ಕಣ್ಣಾರೆ ಕಂಡ ಸಾಕ್ಷಿಯಲ್ಲ. ನ್ಯಾಯಾಧೀಶರು ತಾವೇ ಒರೆಹಚ್ಚಿ ನೋಡಲು ಬೇಕಾದ ವೈಜ್ಞಾನಿಕ ಆಧಾರಗಳನ್ನು ಒದಗಿಸುವುದು ಅವರ ಕೆಲಸ. ಮಾಹಿತಿ, ಕಾರಣ ಯಾವುದೂ ಇಲ್ಲದ ಬರಿಯ ಅಭಿಪ್ರಾಯಕ್ಕೆ ತೂಕವಿಲ್ಲ ಎಂದು ಅದು ಹೇಳುತ್ತದೆ. ‘ನಿರ್ಲಕ್ಷ್ಯ ಕಂಡುಬಂದಿಲ್ಲ’ ಎಂದು ಲೆಟರ್‌ಹೆಡ್ಡಿನ ಮೇಲೆ ಒಂದು ಸಾಲು ಬರೆದ ಪ್ರೊಫೆಸರರ ಸಹಿಗಿಂತ, ಯಾವ ದಿನ ಯಾವ ಪರೀಕ್ಷೆ ಮಾಡಬೇಕಿತ್ತು, ಯಾಕೆ ಮಾಡಬೇಕಿತ್ತು ಎಂದು ಪುಟ ಸಂಖ್ಯೆ ಹಾಕಿ ಬರೆದ ಸಾಮಾನ್ಯ ವೈದ್ಯರ ಎರಡು ಹಾಳೆ ಈ ತೀರ್ಪಿನ ಪ್ರಕಾರ ಹೆಚ್ಚು ಬಾಳುತ್ತದೆ.

ತಜ್ಞರು ಬೇಡವೇ ಬೇಡ ಎಂದು ಇಷ್ಟರಿಂದ ಯಾರೂ ಸಂಭ್ರಮಿಸಬಾರದು. 2021ರ ಸೆಪ್ಟೆಂಬರ್ 7ರ ‘ಹರೀಶ್ ಕುಮಾರ್ ಖುರಾನಾ ವಿರುದ್ಧ ಜೋಗಿಂದರ್ ಸಿಂಗ್’ ತೀರ್ಪು ಬರೆದವರೂ ಕನ್ನಡ ನಾಡಿನವರೇ, ಕೊಡಗಿನ ನ್ಯಾ. ಎ.ಎಸ್. ಬೋಪಣ್ಣ. ಎರಡನೇ ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ಹೃದಯ ನಿಂತು ರೋಗಿ ಮುಂದೆ ತೀರಿಕೊಂಡ ಪ್ರಕರಣ. ರಾಷ್ಟ್ರೀಯ ಆಯೋಗ 17 ಲಕ್ಷ ಕೊಡಿಸಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಟೇಬಲ್ ಮೇಲೆ ರೋಗಿ ಸತ್ತರೆ ಅದರಿಂದಲೇ ನಿರ್ಲಕ್ಷ್ಯ ಎಂದು ಊಹಿಸಲಾಗದು, ಅದನ್ನು ತೋರಿಸುವ ವೈದ್ಯಕೀಯ ಸಾಕ್ಷ್ಯ ಬೇಕು ಎಂದಿತು. ಅರಿವಳಿಕೆಯ ಪ್ರಮಾಣ, ಹೃದಯದ ಸ್ಥಿತಿ, ಎರಡು ಆಪರೇಷನ್ನುಗಳ ನಡುವಿನ ಅಂತರ, ಇವನ್ನು ತೂಗಲು ನನಗೆ ನಿಮಗೆ ಬಾರದು. ಇಂಥ ಕೇಸಿನಲ್ಲಿ ತಜ್ಞರಿಲ್ಲದೆ ಹೋದರೆ ಸೋಲು ಖಾತ್ರಿ.

ಹುಡುಕಿದ್ದಕ್ಕೆ ಸಿಕ್ಕ ಉತ್ತರ ಇದು. ‘ಎಕ್ಸ್‌ಪರ್ಟ್ ಒಪೀನಿಯನ್ ಇಲ್ಲದೆ ಕೇಸೇ ಹಾಕಲಾಗದು’ ಎಂಬ ನಿಯಮ ಕ್ರಿಮಿನಲ್ ದೂರಿನದು. ಹಳೆಯ 304-ಎ ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು. ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸಜೆ. ಗ್ರಾಹಕ ಆಯೋಗದಲ್ಲಿ ಅಂಥ ನಿಯಮ 2010ರ ಮಾರ್ಚ್ 8ರಿಂದ ಇಲ್ಲ. ಅಲ್ಲಿ ತಜ್ಞ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವರು ಆಯೋಗದ ಅಧ್ಯಕ್ಷರು ಮತ್ತು ಸದಸ್ಯರು. ವಕೀಲರ ಕಚೇರಿಯ ಮೊದಲ ಭೇಟಿಯಲ್ಲೇ ಅದು ತೀರ್ಮಾನ ಆಗಬಾರದು. ಬೇಕು ಎಂದಾದರೆ ಆಯೋಗವೇ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ದಾಖಲೆ ಕಳಿಸಿ ಕೇಳಬೇಕು. 2000ದಿಂದ ಅನಂತಪುರದಲ್ಲೇ ಒಂದು ಕಾಲೇಜಿದೆ. ಕಾರಣ ಬರೆದ ವರದಿ ಕೊಡಿ, ಬೇಕಾದರೆ ವಿಡಿಯೊದಲ್ಲಿ ಪ್ರಶ್ನೆ ಎದುರಿಸಿ ಎಂದು ಹೇಳಲು ಮರ್ಚೆಂಟ್ ಮತ್ತು ರೀಜೆನ್ಸಿ ತೀರ್ಪುಗಳು ಸಾಕಷ್ಟು ಬಲ ಕೊಡುತ್ತವೆ. ಹಣವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು 1987ರ ಕಾನೂನು ಸೇವೆಗಳ ಕಾಯ್ದೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರನ್ನು ಕೇಳಬಹುದು.

ಗಡಿಯ ಜನಕ್ಕೆ ಬಂದ ಒಂದು ಅನುಕೂಲವನ್ನೂ ಹೇಳಿಬಿಡುತ್ತೇನೆ. ಹಳೆಯ ಕಾಯ್ದೆಯಲ್ಲಿ ಬೆಂಗಳೂರಿನ ಆಸ್ಪತ್ರೆಯ ಮೇಲಿನ ದೂರಿಗೆ ಬೆಂಗಳೂರಿಗೇ ಹೋಗಬೇಕಾಗುತ್ತಿತ್ತು. 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೂ ಕೊಡಬಹುದು. ಕಲ್ಯಾಣದುರ್ಗದವರಿಗೆ ಅನಂತಪುರ ಸಾಕು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಕಿಶನ್ ರಾವ್ ಗೆದ್ದದ್ದು ಎರಡನೇ ಆಸ್ಪತ್ರೆಯ ರಕ್ತಪರೀಕ್ಷೆಯ ಒಂದು ಟಿಪ್ಪಣಿಯಿಂದ ಎಂಬುದನ್ನು ಓದುಗರು ಮರೆಯಬಾರದು. ಆದ್ದರಿಂದ ತಜ್ಞರನ್ನು ಹುಡುಕುವ ಮೊದಲು ಕೇಸ್ ಶೀಟ್ ಕೇಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ನರ್ಸ್‌ಗಳ ಟಿಪ್ಪಣಿ, ಅರಿವಳಿಕೆಯ ಚಾರ್ಟು, ಲ್ಯಾಬ್ ವರದಿ, ಒಪ್ಪಿಗೆ ಪತ್ರ ಎಲ್ಲದರ ಪ್ರತಿಯನ್ನೂ ಅರ್ಜಿ ಬರೆದು ಕೇಳಿ, ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಅದನ್ನು ಕೊಡಬೇಕು. ಆಸ್ಪತ್ರೆ ದಾಖಲೆ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ. ಗ್ರಾಹಕ ಆಯೋಗದಲ್ಲಿ ದೂರು ಕೊಡಲು ನಿಮಗಿರುವ ಅವಧಿ ಎರಡು ವರ್ಷ.